ಡಾಡ್ಜ್ ಚಾಲೆಂಜರ್ ಮತ್ತು ಅಟ್ಟದ ಮೇಲಿನ ಕೊಬ್ಬರಿ



ಈಚೆಗೆ ನಮ್ಮ ಹುಡುಗರ ಬಾಯಲ್ಲಿ ಒಂದೇ ಮಾತು. ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜುಗಳ ಮುಂದೆ, ಕರಕ್ ಚಾಯ್ ಅಂಗಡಿ ಹತ್ತಿರ, ಶುಕ್ರವಾರ ಊಟ ಆದ ಮೇಲೆ ರೂಮಿನಲ್ಲಿ, ಎಲ್ಲಿ ಕೂತರೂ ಅದೇ. "ಡಾಡ್ಜ್ ಚಾಲೆಂಜರ್ ನಿಂತುಹೋಯ್ತು. ಇನ್ನು ಅಂಥ ಕಾರು ಬರಲ್ಲ. ಈಗಲೇ ಒಂದು ಸೆಕೆಂಡ್ ಹ್ಯಾಂಡ್ ತಗೊಂಡು ಹದಿನೈದು ವರ್ಷ ಇಟ್ಟುಬಿಟ್ರೆ ಮೂರು ಪಟ್ಟು, ನಾಲ್ಕು ಪಟ್ಟು ಆಗುತ್ತೆ." ಜೊತೆಗೆ ಮೊಬೈಲ್ ತೆಗೆದು ಅಮೆರಿಕದ ಹರಾಜಿನ ವಿಡಿಯೋ ತೋರಿಸ್ತಾರೆ. ಲಕ್ಷ ಲಕ್ಷ ಡಾಲರ್ ಕೂಗುವ ವಿಡಿಯೋ.

ನಾವು ತಿಪಟೂರು ಕಡೆಯವರು, ಬಿ.ಕಾಂ. ಓದಿದವರು. ಇಲ್ಲಿ ದೋಹಾದಲ್ಲಿ ಲೆಕ್ಕ ಬರೆಯೋದು ನಮ್ಮ ಕೆಲಸ. ಎಂಜಿನ್ ಬಿಚ್ಚಿ ಜೋಡಿಸೋದು ನಮಗೆ ಬರಲ್ಲ. ಆದರೆ ಕಂಪನಿಯ ವಾಹನಗಳ ರಿಜಿಸ್ಟರ್ ನಮ್ಮ ಕೈಯಲ್ಲೇ ಇರೋದರಿಂದ, ಒಂದು ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಹೇಗೆ ಕರಗುತ್ತೆ ಅನ್ನೋದನ್ನು ಪ್ರತಿ ಡಿಸೆಂಬರ್‌ನಲ್ಲೂ ನೋಡ್ತೀವಿ. ನಮ್ಮ ಪುಸ್ತಕದಲ್ಲಿ ಅದಕ್ಕೆ ಸವಕಳಿ ಅಂತ ಹೆಸರು. ಹಾಗಿದ್ದರೆ ಸವೆಯುವ ವಸ್ತು ಯಾವಾಗ ಬೆಳೆಯುವ ವಸ್ತು ಆಗುತ್ತೆ? ಕೇಳೋ ಪ್ರಶ್ನೆ ಸರಿಯಾಗೇ ಇದೆ. ನಗಬೇಕಾದ್ದಲ್ಲ, ಲೆಕ್ಕ ಹಾಕಿ ನೋಡಬೇಕಾದ್ದು.

ಮೊದಲು ಹುಡುಗರ ಮಾತಿನಲ್ಲಿ ಇರೋ ಸತ್ಯ ಹೇಳಿಬಿಡೋಣ. ಈ ಚಾಲೆಂಜರ್ 2008ರಲ್ಲಿ ಬಂತು, ಕೆನಡಾದ ಬ್ರಾಂಪ್ಟನ್ ಕಾರ್ಖಾನೆಯಲ್ಲಿ 2023ರ ಡಿಸೆಂಬರ್‌ನಲ್ಲಿ ನಿಂತಿತು. ಅದರ ಜಾಗಕ್ಕೆ ಬಂದ ಹೊಸ ಚಾರ್ಜರ್ ಮೊದಲು ಇಳಿದದ್ದು ಕರೆಂಟಿನ ಗಾಡಿಯಾಗಿ. ದೊಡ್ಡ ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್‌ಗಳ ಕಾಲ ಮುಗೀತಾ ಬಂತು ಅನ್ನೋದರಲ್ಲಿ ಹುರುಳಿದೆ. ಹೊಸ ಕಾಲದ ಸ್ಪೋರ್ಟ್ಸ್ ಕಾರುಗಳು ಬೆಲೆ ಏರಿಸಿಕೊಂಡಿರೋದೂ ನಿಜ. ಬ್ರಿಟನ್ನಿನ ಮೆಕ್‌ಲಾರೆನ್ ಎಫ್1 ಅನ್ನೋ ಕಾರು 1990ರ ದಶಕದಲ್ಲಿ ಹೊಸದಾಗಿ 5 ಲಕ್ಷ 40 ಸಾವಿರ ಪೌಂಡಿಗೆ ಮಾರಾಟವಾಗಿತ್ತು. 2021ರ ಆಗಸ್ಟ್‌ನಲ್ಲಿ ಅಮೆರಿಕದ ಒಂದು ಹರಾಜಿನಲ್ಲಿ ಅಂಥದ್ದೇ ಒಂದು ಕಾರು 2 ಕೋಟಿ ಡಾಲರ್ ದಾಟಿತು. ಟೊಯೋಟಾದವರ ಲೆಕ್ಸಸ್ ಎಲ್‌ಎಫ್‌ಎ ಹೊಸದರಲ್ಲಿ 3 ಲಕ್ಷ 75 ಸಾವಿರ ಡಾಲರ್. ಈಗ ಹರಾಜಿಗೆ ಬಂದರೆ ಅದರ ಎರಡು ಪಟ್ಟು ದಾಟುತ್ತೆ.

ಆದರೆ ವಿಡಿಯೋದಲ್ಲಿ ಒಂದು ಸಂಖ್ಯೆ ಹೇಳಲ್ಲ. ಮೆಕ್‌ಲಾರೆನ್ ಎಫ್1 ಇಡೀ ಪ್ರಪಂಚದಲ್ಲಿ ಮಾಡಿದ್ದು 106. ಲೆಕ್ಸಸ್ ಎಲ್‌ಎಫ್‌ಎ 500. ಚಾಲೆಂಜರ್? ಅಮೆರಿಕ ಒಂದರಲ್ಲೇ 2021ನೇ ಒಂದು ವರ್ಷದಲ್ಲಿ 50 ಸಾವಿರಕ್ಕೂ ಹೆಚ್ಚು ಮಾರಾಟವಾದವು. ಇಲ್ಲೇ ದೋಹಾದಲ್ಲಿ ಸಂಜೆ ಸಲ್ವಾ ರೋಡಿನಲ್ಲಿ ಅರ್ಧ ಗಂಟೆ ನಿಂತು ನೋಡಿ, ಎಷ್ಟು ಹೋಗುತ್ತೆ ಎಣಿಸಿ. ಇನ್ನೊಂದು ವಿಷಯ. ಆ 500 ಎಲ್‌ಎಫ್‌ಎ ಕೂಡ ಬಿಸಿ ಬೋಂಡಾ ಥರ ಖಾಲಿ ಆಗಲಿಲ್ಲ. 2012ರಲ್ಲಿ ತಯಾರಿ ಮುಗಿದರೂ ಐದು ವರ್ಷ ಆದ ಮೇಲೂ ಅಮೆರಿಕದಲ್ಲಿ ಹತ್ತು-ಹನ್ನೆರಡು ಕಾರು ಡೀಲರುಗಳ ಹತ್ತಿರ ಮಾರಾಟವಾಗದೆ ಇದ್ದವು.

"ಎಲ್ಲರೂ ಜೋಪಾನ ಮಾಡಿಟ್ಟರೆ ಎಲ್ಲರಿಗೂ ಲಾಭ ಅಲ್ವಾ" ಅಂತ ಕೇಳಬಹುದು. ಅದಕ್ಕೆ ಒಂದು ಹಳೇ ಉದಾಹರಣೆ ಇದೆ. 1978ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ರೇಸಿನ ನೆನಪಿಗೆ ಷೆವರ್ಲೆ ಕಂಪನಿ ಕಪ್ಪು-ಬೆಳ್ಳಿ ಬಣ್ಣದ ಕಾರ್ವೆಟ್ ಸ್ಪೋರ್ಟ್ಸ್ ಕಾರು ಮಾಡಿತು. ಒಟ್ಟು 6,502. ಆಗ ಬೆಲೆ 13 ಸಾವಿರದ 600 ಡಾಲರ್ ಚಿಲ್ಲರೆ. ಇದು ಮುಂದೆ ಚಿನ್ನ ಆಗುತ್ತೆ ಅನ್ನೋ ಸುದ್ದಿ ಹಬ್ಬಿ ಜನ ಮುಗಿಬಿದ್ದು, ಹೇಳಿದ್ದಕ್ಕಿಂತ ಹೆಚ್ಚು ಕೊಟ್ಟು ತಗೊಂಡರು. ಸೀಟಿನ ಪ್ಲಾಸ್ಟಿಕ್ ಕೂಡ ತೆಗೆಯದೆ ಶೆಡ್ಡಿನಲ್ಲಿ ಇಟ್ಟವರು ಎಷ್ಟೋ ಮಂದಿ. ಆವತ್ತಿನ ಆ ದುಡ್ಡಿಗೆ ಅಮೆರಿಕದ ಬೆಲೆಯೇರಿಕೆ ಸೇರಿಸಿದರೆ ಇವತ್ತಿಗೆ 65 ಸಾವಿರ ಡಾಲರ್ ಹತ್ತಿರ ಆಗುತ್ತೆ. ಓಡಿಸದೆ ಇಟ್ಟ ಆ ಕಾರುಗಳಿಗೆ ಈಗಲೂ ಅಷ್ಟು ಹುಟ್ಟೋದು ಅಪರೂಪ. ಕಾರಣ ಸರಳ. ಎಲ್ಲರೂ ಇಟ್ಟುಕೊಂಡರು, ಹಾಗಾಗಿ ಬೇಕಾದವರಿಗೆಲ್ಲ ಸಿಗುತ್ತೆ.

ನಮ್ಮೂರಿನ ಲೆಕ್ಕದಲ್ಲಿ ಹೇಳಬೇಕಂದರೆ ಯಮಹಾ ಆರ್‌ಎಕ್ಸ್ 100 ನೆನಪು ಮಾಡಿಕೊಳ್ಳಿ. 1985ರಲ್ಲಿ ಬಂತು, 1996ರಲ್ಲಿ ನಿಂತಿತು. ಅದೇ 1996ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯೂ ಮುಚ್ಚಿತು, ಯೆಜ್ಡಿಯೂ ಹೋಯ್ತು. ಆವಾಗ ಯಾರಾದರೂ "ಇದು ಮುಂದೆ ಬೆಲೆ ಬಾಳುತ್ತೆ" ಅಂತ ಯೆಜ್ಡಿ ಎತ್ತಿಟ್ಟರಾ? ಹಾಲಿನ ಕ್ಯಾನು ಕಟ್ಟಿದರು, ಗೊಬ್ಬರದ ಮೂಟೆ ಹೇರಿದರು, ಮೂರು ಜನ ಕೂತು ಸಂತೆಗೆ ಹೋದರು. ಕೊನೆಗೆ ಗುಜರಿಯವನಿಗೆ ತೂಕಕ್ಕೆ ಹಾಕಿದರು. ಹಾಗೆ ಹಾಳಾಗಿ ಹೋದದ್ದಕ್ಕೇ ಉಳಿದ ಕೆಲವಕ್ಕೆ ಇವತ್ತು ಬೆಲೆ. ಆಗ ಹೈಸ್ಕೂಲಿನಲ್ಲಿದ್ದು ಆಸೆಯಿಂದ ನೋಡ್ತಿದ್ದ ಹುಡುಗರಿಗೆ ಈಗ ಕೈಯಲ್ಲಿ ದುಡ್ಡಿದೆ, ಅವರು ಕೊಡ್ತಾರೆ. ವಸ್ತು ಕಡಿಮೆ ಆಗಬೇಕು, ಆಸೆ ಉಳಿದಿರಬೇಕು, ಆಸೆ ಇರೋರ ಹತ್ತಿರ ಹಣ ಇರಬೇಕು. ಈ ಮೂರೂ ಒಂದೇ ಕಾಲಕ್ಕೆ ಕೂಡಿದರೆ ಮಾತ್ರ ಬೆಲೆ ಬರುತ್ತೆ. ಹದಿನೈದು ವರ್ಷ ಮೊದಲೇ ಇದನ್ನು ಹೇಳೋದು ಬಹಳ ಕಷ್ಟ.

ಇನ್ನು ಕಾರಿನ ಒಳಗಿನ ವಿಷಯ. ನಮ್ಮ ಗ್ಯಾರೇಜಿನ ಅಣ್ಣಂದಿರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಹಳೇ ಯೆಜ್ಡಿ ಭಾಗವನ್ನು ಲೇತ್ ಮಷೀನಿನಲ್ಲಿ ಕಡೆದು ಕೂರಿಸಬಹುದು. ಈಗಿನ ಕಾರು ಅರ್ಧ ಕಂಪ್ಯೂಟರ್. ಎಂಜಿನ್‌ಗೊಂದು, ಗೇರಿಗೊಂದು, ಏರ್‌ಬ್ಯಾಗಿಗೊಂದು ಎಲೆಕ್ಟ್ರಾನಿಕ್ ಪೆಟ್ಟಿಗೆ. ಕಂಪನಿ ಆ ಭಾಗ ಮಾಡೋದು ನಿಲ್ಲಿಸಿದ ಮೇಲೆ ಯಾವ ಲೇತಿನವನೂ ಅದನ್ನು ಕಡೆದು ಕೊಡಲ್ಲ. ಮೇಲೆ ಈ ಊರಿನ ಬಿಸಿಲು ಬೇರೆ. ಜೂನ್-ಜುಲೈನಲ್ಲಿ 45 ಡಿಗ್ರಿ ದಾಟುತ್ತೆ. ನಿಂತ ಗಾಡಿಯ ರಬ್ಬರ್ ಬಿರಿಯುತ್ತೆ, ಡ್ಯಾಶ್‌ಬೋರ್ಡ್ ಸೀಳುತ್ತೆ, ಬ್ಯಾಟರಿ ಸಾಯುತ್ತೆ. ನೆರಳು ಬೇಕು, ಮುಚ್ಚಿದ ಪಾರ್ಕಿಂಗ್ ಬೇಕು. ಬಯಲಿನಲ್ಲಿ ಧೂಳು ಹಿಡಿದು ನಿಂತರೆ ಮುನಿಸಿಪಾಲಿಟಿಯವರು ಸ್ಟಿಕ್ಕರ್ ಅಂಟಿಸಿ ಎತ್ತಿಕೊಂಡು ಹೋಗೋದನ್ನು ನೀವೇ ನೋಡಿದೀರಿ.

ಈಗ ಲೆಕ್ಕಕ್ಕೆ ಬರೋಣ. ನಮಗೆ ಬೇಕಾದ ಹುಡುಗ ಒಬ್ಬ ಇದಾನೆ, ಎ.ಸಿ. ಕೆಲಸ. ತಿಂಗಳಿಗೆ 4,500 ರಿಯಾಲ್. ಊರಿನಲ್ಲಿ ಮನೆ ಲಿಂಟಲ್ ಮಟ್ಟಕ್ಕೆ ಬಂದು ನಿಂತಿದೆ, ತಂಗಿ ಮದುವೆ ಬಾಕಿ. "ಅಣ್ಣಾ, ಒಂದು ಚಾಲೆಂಜರ್ 80 ಸಾವಿರಕ್ಕೆ ಬರ್ತಿದೆ. ಬ್ಯಾಂಕಿನಿಂದ ಸಾಲ ತಗೋತೀನಿ. ಇದು ಖರ್ಚಲ್ಲ ಅಣ್ಣಾ, ಸೈಟ್ ತಗೊಂಡ ಹಾಗೆ" ಅಂದ. "ಸರಿಯಪ್ಪಾ, ಸೈಟ್ ಅಂತಲೇ ತಿಳ್ಕೊಂಡು ಲೆಕ್ಕ ಹಾಕೋಣ, ಕೂತ್ಕೋ" ಅಂದೆವು. ಒಂದು ಬಿಳಿ ಹಾಳೆ ತಗೊಂಡು ಬರೆದೆವು.

ಮೊದಲು ಸಾಲ ಬೇಡ, ಕೈ ದುಡ್ಡು ಅಂತಲೇ ಇಟ್ಟುಕೊಂಡೆವು. 80 ಸಾವಿರ ರಿಯಾಲ್ ಅಂದರೆ ನಮ್ಮ ರೂಪಾಯಿಯಲ್ಲಿ ಹದಿನೆಂಟು ಲಕ್ಷಕ್ಕೂ ಮೇಲೆ. ಅದೇ ದುಡ್ಡನ್ನು ವರ್ಷಕ್ಕೆ 6 ಪರ್ಸೆಂಟ್ ಬರೋ ಕಡೆ ಇಟ್ಟರೆ ಹದಿನೈದು ವರ್ಷಕ್ಕೆ ಸುಮಾರು 1 ಲಕ್ಷ 92 ಸಾವಿರ ರಿಯಾಲ್ ಆಗುತ್ತೆ. ಇದು ಕಾರು ಕೊಂಡ ದಿನವೇ ಬಿಟ್ಟುಕೊಟ್ಟ ಹಣ. ಎರಡನೆಯದು ಇಟ್ಟುಕೊಳ್ಳೋ ಖರ್ಚು. ಇಸ್ತಿಮಾರಾ ಪ್ರತಿ ವರ್ಷ ಹೊಸದು ಮಾಡಿಸಬೇಕು, ಅದಕ್ಕೆ ಇನ್ಶೂರೆನ್ಸ್ ಬೇಕು, ಫಾಹೆಸ್ ತಪಾಸಣೆ ಪಾಸಾಗಬೇಕು, ಬ್ಯಾಟರಿ, ಟೈರು, ಆಯಿಲ್, ಪಾರ್ಕಿಂಗ್. ಎಲ್ಲ ಸೇರಿ ವರ್ಷಕ್ಕೆ 6 ಸಾವಿರ ಅಂತ ಕೈ ಬಿಗಿಹಿಡಿದೇ ಬರೆದೆವು. ಆ 6 ಸಾವಿರವನ್ನೂ ಪ್ರತಿ ವರ್ಷ ಅದೇ 6 ಪರ್ಸೆಂಟಿಗೆ ಇಟ್ಟಿದ್ದರೆ ಹದಿನೈದು ವರ್ಷಕ್ಕೆ ಸುಮಾರು 1 ಲಕ್ಷ 40 ಸಾವಿರ. ಎರಡೂ ಕೂಡಿಸಿ: 3 ಲಕ್ಷ 32 ಸಾವಿರ.

ಅಂದರೆ 80 ಸಾವಿರದ ಕಾರು ನಾಲ್ಕು ಪಟ್ಟು ಏರಿದರೆ ಲಾಭ ಇಲ್ಲ, ನಷ್ಟವೂ ಇಲ್ಲ ಅನ್ನೋ ಮಟ್ಟಕ್ಕೆ ಹೆಚ್ಚುಕಡಿಮೆ ಬಂದು ನಿಲ್ಲುತ್ತೆ. ಹುಡುಗರು ಹೇಳೋ "ನಾಲ್ಕು ಪಟ್ಟು" ನಿಜವಾದರೂ ಅಷ್ಟೇ. ಸಾಲ ಮಾಡಿದರೆ ಇನ್ನೂ ಬೇರೆ ಕಥೆ. 6 ಪರ್ಸೆಂಟಿಗೆ ನಾಲ್ಕು ವರ್ಷದ ಕಂತು ಅಂದರೆ ತಿಂಗಳಿಗೆ 1,879 ರಿಯಾಲ್. ಅವನ ಸಂಬಳದಲ್ಲಿ ನೂರಕ್ಕೆ ನಲವತ್ತಕ್ಕೂ ಮೇಲೆ. ಊರಿಗೆ ಏನು ಕಳಿಸ್ತಾನೆ? ಹುಡುಗ ಆ ಹಾಳೆಯನ್ನು ಮಡಿಚಿ ಜೇಬಿಗೆ ಹಾಕ್ಕೊಂಡ. ಬೇಡ ಅಂತಲೂ ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ. ಈಗ ರಜೆಗೆ ಊರಿಗೆ ಹೋಗಿದಾನೆ.

ಆದರೆ ನಮ್ಮ ಮಟ್ಟಿಗೆ ಈ ಲೆಕ್ಕಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಅದು ಕಾಯೋದರದ್ದು. ತಿಪಟೂರು ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡೋದು ನಿಮಗೆ ಗೊತ್ತಿರಬಹುದು. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಹತ್ತು-ಹನ್ನೊಂದು ತಿಂಗಳು ಬಿಡ್ತಾರೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೂ ರೇಟು ನೋಡ್ಕೊಂಡು ಮಾರ್ಕೆಟ್ಟಿಗೆ ಹಾಕ್ತಾರೆ. ಒಂದೇ ಊರಿನ ಇಬ್ಬರು ರೈತರು, ಒಂದೇ ಥರದ ಕೊಬ್ಬರಿ. ಸಾಲ ಇಲ್ಲದವನು ರೇಟು ಬಿದ್ದರೆ ಮೂಟೆ ವಾಪಸ್ ತಂದು ಕಾಯ್ತಾನೆ. ಸೊಸೈಟಿ ಕಂತು, ಮಗಳ ಕಾಲೇಜ್ ಫೀಸು ಇದ್ದವನು ಆವತ್ತಿನ ರೇಟಿಗೇ ಸುರಿದು ಬರ್ತಾನೆ. ಕೊಬ್ಬರಿಯಲ್ಲಿ ವ್ಯತ್ಯಾಸ ಇಲ್ಲ, ಕಾಯೋ ಶಕ್ತಿಯಲ್ಲಿ ಇದೆ.

ನಾವು ಇಲ್ಲಿ ಆ ಎರಡನೇ ರೈತ. ನಮ್ಮ ಟೈಮು ನಮ್ಮ ಕೈಯಲ್ಲಿಲ್ಲ. ಆರ್‌ಪಿ ಇರೋವರೆಗೆ ಇರ್ತೀವಿ, ಕೆಲಸ ಇರೋವರೆಗೆ ಆರ್‌ಪಿ. ಪ್ರಾಜೆಕ್ಟ್ ಮುಗಿದು ನೋಟಿಸ್ ಬಂದರೆ ಹದಿನೈದು ವರ್ಷದ ಪ್ಲಾನ್ ಹದಿನೈದು ದಿನಕ್ಕೆ ಬರುತ್ತೆ. ಸಾಲ ಬಾಕಿ ಇದ್ದರೆ ಗಾಡಿ ಬ್ಯಾಂಕಿನ ಹೆಸರಲ್ಲಿ ಅಡ ಇರುತ್ತೆ, ಅದು ಬಿಡಿಸದೆ ಹೆಸರು ಬದಲಾಗಲ್ಲ. ಕಟ್ಟದಿದ್ದರೆ ಕೇಸು, ಕೇಸಾದರೆ ವಿಮಾನ ಹತ್ತೋದಕ್ಕೇ ತಡೆ. 2020ರಲ್ಲಿ ಕೊರೊನಾ ಬಂದಾಗ ಎಷ್ಟು ಗಾಡಿಗಳ ಗಾಜಿನ ಮೇಲೆ "ಫಾರ್ ಸೇಲ್" ಚೀಟಿ ಇತ್ತು ಅಂತ ಆಗ ಇಲ್ಲಿದ್ದವರಿಗೆ ನೆನಪಿರುತ್ತೆ. ಎಲ್ಲರೂ ಮಾರೋವರು, ಕೊಳ್ಳೋವರು ಇಲ್ಲ. ಅದಕ್ಕೂ ಮುಂಚೆ, 2017ರ ಜೂನ್‌ನಿಂದ 2021ರ ಜನವರಿವರೆಗೆ ದಿಗ್ಬಂಧನದ ಕಾಲ; ಅಬು ಸಮ್ರಾ ಗಡಿ ಮುಚ್ಚಿತ್ತು. ಗಾಡಿಯನ್ನು ರಸ್ತೆ ಮೇಲೆ ಆಚೆ ಸಾಗಿಸೋದಕ್ಕೂ ದಾರಿ ಇರಲಿಲ್ಲ. ಚಿಕ್ಕ ದೇಶ, ಚಿಕ್ಕ ಮಾರ್ಕೆಟ್ಟು. ಅವಸರದಲ್ಲಿ ಮಾರೋವನಿಗೆ ಅಪರೂಪದ ವಸ್ತುವಿನ ಬೆಲೆ ಯಾರೂ ಕೊಡಲ್ಲ, ಹಳೇ ಗಾಡಿಯ ಬೆಲೆ ಕೊಡ್ತಾರೆ.

"ಹಾಗಾದರೆ ಊರಿಗೆ ತಗೊಂಡು ಹೋಗ್ತೀವಿ" ಅನ್ನೋರಿಗೂ ಒಂದು ಮಾತು. ಇಲ್ಲಿನ ಗಾಡಿ ಎಡಗಡೆ ಸ್ಟೀರಿಂಗ್. ಬಳಸಿದ ಕಾರನ್ನು ಭಾರತಕ್ಕೆ ತರೋದಕ್ಕೆ ಬಲಗಡೆ ಸ್ಟೀರಿಂಗ್ ಇರಬೇಕು, ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಜೊತೆಗೆ ಸುಂಕ-ತೆರಿಗೆ ಕಾರಿನ ಬೆಲೆಯನ್ನೇ ಮೀರಿಸುತ್ತೆ. ವಿಂಟೇಜ್ ಅಂತ ಹೇಳೋಣ ಅಂದರೆ, 2021ರ ನಮ್ಮ ಕೇಂದ್ರ ಸರ್ಕಾರದ ನಿಯಮದಲ್ಲಿ ಐವತ್ತು ವರ್ಷ ದಾಟಿದ ಗಾಡಿಗೆ ಮಾತ್ರ ವಿಂಟೇಜ್ ರಿಜಿಸ್ಟ್ರೇಷನ್. 2019ರ ಚಾಲೆಂಜರ್ 2069ಕ್ಕೆ ವಿಂಟೇಜ್ ಆಗುತ್ತೆ. ಆಗ ನಮಗೆ ತೊಂಬತ್ತು ದಾಟಿರುತ್ತೆ!

ಹಾಗಂತ ಹಳೇ ಕಾರು ಕೂಡಿಡೋರು ಹುಚ್ಚರು ಅಂತ ನಾವು ಹೇಳ್ತಿಲ್ಲ. ದುಖಾನ್ ರಸ್ತೆಯಲ್ಲಿ ಅಲ್ ಸಮ್ರಿಯಾದ ಶೇಖ್ ಫೈಸಲ್ ಮ್ಯೂಸಿಯಂಗೆ ಒಂದು ರಜಾ ದಿನ ಹೋಗಿ ಬನ್ನಿ. ಸಾಲುಸಾಲು ಹಳೇ ಕಾರು. ನಮ್ಮ ಕಡೆ ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದ ಹೆಗ್ಗಡೆಯವರ "ಪಯಣ" ಕಾರ್ ಮ್ಯೂಸಿಯಂ 2023ರಲ್ಲಿ ಶುರುವಾಗಿದೆ. ರಜೆಗೆ ಹೋದಾಗ ಮಕ್ಕಳನ್ನು ಕರ್ಕೊಂಡು ಹೋಗಬಹುದು. ಎರಡು ಕಡೆಯೂ ಗಮನಿಸಿದರೆ ಒಂದು ಗೊತ್ತಾಗುತ್ತೆ. ಅಲ್ಲಿನ ಕಾರುಗಳು ನಾಳೆ ಮಾರಿ ಮನೆ ಕಟ್ಟೋಣ ಅಂತ ಇಟ್ಟವಲ್ಲ. ನೆರಳಿದೆ, ನೋಡ್ಕೊಳ್ಳೋ ಜನ ಇದಾರೆ, ಮಾರಲೇಬೇಕಾದ ದಿನ ಬರಲ್ಲ.

ಇನ್ನೊಂದು ಸ್ವಾರಸ್ಯ. ಕಾರಿನ ಮೇಲೆ ಹೂಡಿಕೆ ಅಂದರೆ ಈ ದೇಶದ ಸರ್ಕಾರಿ ಹೂಡಿಕೆ ಸಂಸ್ಥೆ ಏನು ಮಾಡಿತು ನೋಡಿ. 2022ರಲ್ಲಿ ಪೋರ್ಷೆ ಸ್ಪೋರ್ಟ್ಸ್ ಕಾರಿನ ಕಂಪನಿ ಶೇರುಪೇಟೆಗೆ ಬಂದಾಗ ಕತಾರ್ ಇನ್ವೆಸ್ಟ್‌ಮೆಂಟ್ ಅಥಾರಿಟಿ ಅದರ ಪ್ರಿಫರೆನ್ಸ್ ಶೇರುಗಳಲ್ಲಿ ನೂರಕ್ಕೆ 4.99 ಪಾಲು ತಗೊಂಡಿತು. ಶೇರೂ ಬೀಳುತ್ತೆ, ಏಳುತ್ತೆ, ಅದು ಬೇರೆ ಮಾತು. ಆದರೆ ಶೇರು ಟೈರು ಕೇಳಲ್ಲ, ಇಸ್ತಿಮಾರಾ ಕೇಳಲ್ಲ, ಬಿಸಿಲಿಗೆ ಬಿರಿಯಲ್ಲ.

ಕೊನೆಗೆ, ಚಾಲೆಂಜರ್ ಬೆಲೆ ಬಾಳುತ್ತಾ ಇಲ್ವಾ? ನಮ್ಮ ಉತ್ತರ ಇಷ್ಟು: ಕೆಲವು ಬಾಳಬಹುದು, ನಮಗೆ ಸಿಗೋದು ಬಾಳಲ್ಲ. 2018ರ ಡೀಮನ್ ಅನ್ನೋ ಮಾದರಿ 3,300 ಮಾತ್ರ ಮಾಡಿದರು, ಅದೂ ಅಮೆರಿಕ-ಕೆನಡಾಕ್ಕೆ. ಅಂಥದ್ದು, ಕಿಲೋಮೀಟರ್ ಕಡಿಮೆ ಓಡಿದ್ದು, ಒಂದು ಬೋಲ್ಟೂ ಬದಲಾಗದ್ದು, ಮೊದಲ ದಿನದಿಂದ ಸರ್ವೀಸ್ ಕಾಗದ ಇರೋದು, ಅದಕ್ಕೆ ಮುಂದೆ ಗಿರಾಕಿ ಹುಟ್ಟಬಹುದು. ನಮ್ಮ ಹುಡುಗರಿಗೆ 80 ಸಾವಿರಕ್ಕೆ ಬರೋದು ಸಾಮಾನ್ಯವಾಗಿ ಆರು ಸಿಲಿಂಡರಿನ ಸಾದಾ ಮಾದರಿ. ಅದಕ್ಕೇ ದೊಡ್ಡ ಮಾದರಿಯ ಬ್ಯಾಡ್ಜ್ ಅಂಟಿಸಿ, ಸೈಲೆನ್ಸರ್ ಬದಲಾಯಿಸಿ ಮಾರೋರೂ ಇದಾರೆ.

ಇಷ್ಟೆಲ್ಲ ಓದಿದ ಮೇಲೂ ಆ ಕಾರೇ ಬೇಕು, ಚಿಕ್ಕಂದಿನಿಂದ ಆಸೆ ಅಂತೀರಾ? ತಪ್ಪೇನಿಲ್ಲ. ದುಡಿಯೋ ಕೈಗೆ ಒಂದು ಆಸೆ ಇರಬಾರದು ಅಂತ ಯಾವ ಲೆಕ್ಕದ ಪುಸ್ತಕವೂ ಹೇಳಲ್ಲ. ಮನೆ ಕಟ್ಟಾಗಿ, ಮದುವೆ ಮುಗಿದು, ಆರು ತಿಂಗಳ ಖರ್ಚು ಕೈಯಲ್ಲಿದ್ದು, ಸಾಲ ಇಲ್ಲದೆ ತಗೊಳ್ಳೋ ಹಾಗಿದ್ದರೆ ತಗೊಳ್ಳಿ, ಓಡಿಸಿ, ಸೀಲೈನ್‌ವರೆಗೆ ಹೋಗಿ ಸಮುದ್ರ ನೋಡಿ ಬನ್ನಿ. ಆದರೆ ಡೈರಿಯಲ್ಲಿ ಬರೆಯುವಾಗ "ಹೂಡಿಕೆ" ಅನ್ನೋ ಸಾಲಿನಲ್ಲಿ ಬರೀಬೇಡಿ, "ಖರ್ಚು" ಅನ್ನೋ ಸಾಲಿನಲ್ಲಿ ಬರೀರಿ. ಮನೆಯವರಿಗೂ ಹಾಗೇ ಹೇಳಿ.

ತಗೊಳ್ಳೋ ಮುಂಚೆ ನಾಲ್ಕು ವಿಷಯ ನೋಡಿ. ಚಾಸಿ ನಂಬರ್ ಹಾಕಿ ಗಾಡಿ ಅಮೆರಿಕದಲ್ಲಿ ಅಪಘಾತವಾಗಿ ಬಂದದ್ದೋ, ಜಿಸಿಸಿ ಸ್ಪೆಕ್ಕೋ ತಿಳ್ಕೊಳ್ಳಿ. ಇಸ್ತಿಮಾರಾದಲ್ಲಿ ಬ್ಯಾಂಕಿನ ಅಡ ಇದೆಯಾ ನೋಡಿ. ಬಾಕಿ ದಂಡ ಇದೆಯಾ ಕೇಳಿ. ಹೆಸರು ಬದಲಾಗೋವರೆಗೆ ಪೂರ್ತಿ ದುಡ್ಡು ಕೊಡಬೇಡಿ, ಖಾಲಿ ಚೆಕ್ಕಿಗೆ ಸಹಿಯಂತೂ ಹಾಕಲೇಬೇಡಿ. ಇಲ್ಲಿ ಚೆಕ್ ಬೌನ್ಸ್ ಆದರೆ ಪೊಲೀಸ್ ಕೇಸು.

ಲೆಕ್ಕ ಹಾಕೋದಕ್ಕೆ ಬೇಸರ ಅನ್ನೋರು ಶುಕ್ರವಾರ ನಮಾಜ್ ಸಮಯ ಕಳೆದು ಊಟ ಆದ ಮೇಲೆ ಸಿಕ್ಕರೆ ಕೂತು ಬರೆದುಕೊಡ್ತೀವಿ. ಒಂದು ಹಾಳೆ, ಒಂದು ಪೆನ್ನು ಸಾಕು. ಕಾರಿನ ರೇಟು, ನಿಮ್ಮ ಸಂಬಳ, ಊರಿನ ಬಾಕಿ, ಮೂರನ್ನೂ ಸುಳ್ಳು ಹೇಳದೆ ತನ್ನಿ.